ಬ್ಯಾಡಗಿಯ ಹಿತ್ತಲಿನ ಅಣುಒಲೆ

ಫೋನಿನಲ್ಲಿ ಆಕೆ ತಮ್ಮ ಹೆಸರು ಹೇಳಲಿಲ್ಲ. "ಅಕ್ಕಾರ, ಅಣು ಮೇಡಂ ಅಂದ್ರ ನೀವ ಏನ್ರಿ?" ಎಂದು ಕೇಳಿದರು. ಆ ಹೆಸರು ಯಾರು ಇಟ್ಟರೆಂದು ಕೇಳಿದೆ.

"ನಮ್ಮನಿಯವ್ರು ಫೋನಿನ್ಯಾಗ ಹಂಗ ಬರಕೊಂಡಾರ್ರಿ. ಈಗ ಫೋನ್ ಚಾರ್ಜಿಗೆ ಹಾಕಿ ಹಾವೇರಿಗೆ ಹೋಗ್ಯಾರ. ಅದಕ್ಕ ನಿಮಗ ಫೋನ್ ಹಚ್ಚೀನಿ. ಹಿತ್ತಲದಾಗ ಅಣುವಿನ್ಯಾಗಿಂದ ಕರೆಂಟ್ ತಗೀತೇನಿ ಅಂತ ಏನೇನೋ ಮಾಡಾಕತ್ತಾರ್ರಿ. ಬಲಗೈ ಬೆರಳು ಕೆಂಪಗಾಗಿ ಬಾತಾವು. ಬಿಸಿ ಏನೂ ಮುಟ್ಟಿಲ್ಲ ಅಂತಾರ."

ಕೊನೆಯ ಮಾತು ಕೇಳಿದ ಮೇಲೆ ನನ್ನ ಮುಂದಿದ್ದ ಚಹಾ ಹಾಗೆಯೇ ಉಳಿಯಿತು.

ಕಾರ್ಖಾನೆಗಳ ದೊಡ್ಡ ತೊಟ್ಟಿಗಳಲ್ಲಿ ಕುದಿಯುವ ದ್ರವ ಎಷ್ಟು ಮಟ್ಟಕ್ಕೆ ಬಂದಿದೆ ಎಂದು ಹೊರಗಿನಿಂದಲೇ ಅಳೆಯಲು ವಿಕಿರಣದ ಯಂತ್ರ ಕೂಡಿಸಿರುತ್ತಾರೆ. ಅಂಥ ಯಂತ್ರಗಳ ತಪಾಸಣೆ ನನ್ನ ಕೆಲಸ. ಸೀಸ ತುಂಬಿದ ಕಬ್ಬಿಣದ ಗಡಿಗೆಯಂಥ ಪಾತ್ರೆ; ಅದರೊಳಗೆ ಕಿರುಬೆರಳ ತುದಿಯಷ್ಟು ಉಕ್ಕಿನ ಗುಳಿಗೆ; ಗುಳಿಗೆಯೊಳಗೆ ವಿಕಿರಣ ಸೂಸುವ ಸೀಸಿಯಂ. ಪಾತ್ರೆಯಲ್ಲಿರುವ ತನಕ ಅದರ ಪಕ್ಕದಲ್ಲಿ ನಿಂತು ಮಾತಾಡಬಹುದು. ಹೊರಗೆ ಬಂದರೆ ಅದರ ವಿಕಿರಣ ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು, ಬೆರಳಿಗೆ ಬೆಚ್ಚಗೂ ಆಗದು. ಸುಟ್ಟದ್ದು ಗೊತ್ತಾಗುವುದು ವಾರ ಎರಡು ವಾರದ ಮೇಲೆ.

"ಆ ಸಾಮಾನು ಹ್ಯಾಂಗೈತ್ರಿ?" ಎಂದು ಕೇಳಿದೆ.

"ಗುಜರಿಯಿಂದ ಒಂದು ವಜ್ಜಾದ ಗಡಿಗಿ ತಂದಾರ್ರಿ. ಮ್ಯಾಲೆ ಮೂರು ರೆಕ್ಕಿ ಚಿತ್ರ ಐತಿ. ಅದರಾಗಿಂದ ಒಂದು ಸಣ್ಣ ಉಕ್ಕಿನ ತುಂಡು ತಗದಾರ. ಇವತ್ತು ಊಟಾ ಆದಮ್ಯಾಲೆ ಅದನ್ನ ಕೊರೀತೇನಿ ಅಂದಾರ. ಕೊರಿಯೂ ಬ್ಲೇಡ್ ತರಾಕ ಹಾವೇರಿಗೆ ಹೋಗ್ಯಾರ್ರಿ."

ಮೂರು ರೆಕ್ಕೆಯೆಂದರೆ ವಿಕಿರಣದ ಎಚ್ಚರಿಕೆಯ ಗುರುತು. ಹಿತ್ತಲಿನ ಕಡೆ ಯಾರೂ ಕಾಲಿಡಬೇಡಿ, ಮನೆ ಬಿಟ್ಟು ಹೊರಗೆ ಹೋಗಿ ಕುಳಿತುಕೊಳ್ಳಿ ಎಂದೆ. ಅತ್ತೆಗೆ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾರೆ, ಎತ್ತಿ ಒಯ್ಯಲು ಆಳಿಲ್ಲ ಎಂದರು. ಹಾಗಾದರೆ ಹಿತ್ತಲ ಬಾಗಿಲು ಹಾಕಿ ಮನೆಯೊಳಗೇ ಇರಿ, ಬಂದೆ ಎಂದು ಹೇಳಿದೆ.

ಅವರ ಗಂಡ ಯಾರೆಂದು ಆಗಲೇ ನೆನಪಾಗಿತ್ತು. ಸ್ವಲ್ಪ ದಿನದ ಹಿಂದೆ ರಾಣೆಬೆನ್ನೂರಿನ ಒಂದು ತರಬೇತಿ ಸಂಸ್ಥೆಯಲ್ಲಿ ವಿಕಿರಣ ಸುರಕ್ಷತೆಯ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಹುಡುಗರ ಹಿಂದಿನ ಬೆಂಚಿನಲ್ಲಿ ಐವತ್ತು ದಾಟಿದ ಒಬ್ಬರು ಕುಳಿತಿದ್ದರು. ಬ್ಯಾಡಗಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳ ಮೋಟಾರೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಕೊನೆಗೆ ಎದ್ದು ನಿಂತು, "ಮೇಡಂ, ಕೈಗಾದಾಗ ಮಾಡಿದ್ದನ್ನ ಒಂದು ಮನೀ ಮಟ್ಟಿಗೆ ಸಣ್ಣದು ಮಾಡಾಕ ಬರ್ತದೇನ್ರಿ?" ಎಂದು ಕೇಳಿದ್ದರು. ಬರುವುದಿಲ್ಲ ಎಂದು ನಾನು ಕಾರಣ ಸಹಿತ ಹೇಳಿದ್ದೆ. ಆ ಇಂಧನ ಯಾರ ಕೈಗೂ ಸಿಗುವಂಥದ್ದಲ್ಲ. ಸಿಕ್ಕಿತೆಂದುಕೊಂಡರೂ ಅದರ ಸುತ್ತ ಆಳುದ್ದ ದಪ್ಪದ ಗೋಡೆ ಬೇಕು. ಒಲೆ ಆರಿಸಿದ ಮೇಲೂ ಅದರ ಕಾವು ಆರುವುದಿಲ್ಲ, ದಿನಗಟ್ಟಲೆ ನೀರು ಹಾಯಿಸುತ್ತಲೇ ಇರಬೇಕು. ಅವರು ತಲೆಯಾಡಿಸುತ್ತ ಕೇಳಿ ನನ್ನ ನಂಬರು ಬರೆದುಕೊಂಡರು. ಒಪ್ಪಿದರೆಂದೇ ತಿಳಿದಿದ್ದೆ.

ಹೊರಡುವ ಮುಂಚೆ ವಿಕಿರಣ ಅಳೆಯುವ ಕೈಯಂತ್ರದ ಬ್ಯಾಟರಿ ನೋಡಿದೆ. ನಮ್ಮ ಅಂಗಳದಲ್ಲಿ ನಿಂತು ಮಾಮೂಲಿ ಮಟ್ಟ ಎಷ್ಟಿದೆ ಎಂದು ಗುರುತು ಮಾಡಿಕೊಂಡೆ. ಎದೆಯ ಮೇಲೆ ನನಗೆ ಬಿದ್ದ ವಿಕಿರಣ ತೋರಿಸುವ ಡೋಸಿಮೀಟರ್ ಸಿಕ್ಕಿಸಿಕೊಂಡೆ. ಉದ್ದ ಹಿಡಿಕೆಯ ಚಿಮಟ, ಹಗ್ಗ, ಒರೆಸುವ ಕಾಗದ, ಟಾರ್ಚು. ಇದನ್ನೆಲ್ಲ ವರ್ಷಕ್ಕೊಮ್ಮೆ ತಾಲೀಮಿಗೆಂದು ಜೋಡಿಸುತ್ತೇನೆ. ಆ ದಿನ ಚೀಲಕ್ಕೆ ತುಂಬಿ ಕಾರಿನಲ್ಲಿಟ್ಟೆ. ದಾರಿಯಲ್ಲಿ ಬ್ಯಾಡಗಿಯ ಅಗ್ನಿಶಾಮಕ ಠಾಣೆಗೂ ಮುಂಬೈಯಲ್ಲಿರುವ ಅಣುಶಕ್ತಿ ನಿಯಂತ್ರಣ ಮಂಡಳಿಯ ತುರ್ತು ನಂಬರಿಗೂ ಫೋನು ಮಾಡಿದೆ.

ಮೋಟೆಬೆನ್ನೂರು ದಾಟಿ ಒಳಗೆ ಹೊರಳಿದ ಮೇಲೆ ಮೆಣಸಿನಕಾಯಿಯ ಘಾಟು ಕಾರಿನ ಗಾಜಿನ ಸಂದಿಯಿಂದಲೇ ಒಳಗೆ ಬಂತು. ಸೀಜನ್ನು. ರಸ್ತೆಯ ಎರಡೂ ಬದಿಗೆ ಚೀಲ ಹೇರಿದ ಗಾಡಿಗಳು, ಮುಖಕ್ಕೆ ವಸ್ತ್ರ ಕಟ್ಟಿಕೊಂಡ ಹಮಾಲರು. ಕೆಮ್ಮು ಬಂದಾಗ ನನಗೆ ತಟ್ಟನೆ ಹೊಳೆದದ್ದು ಇದು. ಆ ಗುಳಿಗೆಯನ್ನು ಕೊರೆದರೆ ಒಳಗಿನದು ಪುಡಿಯಾಗಿ ಹಾರುತ್ತದೆ. ಘಾಟು ಮೂಗಿಗೆ ಬಡಿದರೆ ಮನುಷ್ಯ ಮುಖ ತಿರುಗಿಸುತ್ತಾನೆ. ಆ ಪುಡಿಗೆ ಮುಖ ತಿರುಗಿಸುವವರು ಯಾರು? ಚಪ್ಪಲಿಗೆ ಹತ್ತಿ, ಚೀಲಕ್ಕೆ ಹತ್ತಿ, ಗಾಡಿ ಏರಿ ಅದು ಊರೂರಿಗೆ ಹೋಗುತ್ತದೆ.

ಮನೆ ಓಣಿಯ ನಡುವಿನಲ್ಲಿತ್ತು. ಎರಡೂ ಕಡೆ ಗೋಡೆಗೆ ಗೋಡೆ ಹತ್ತಿದ ಮನೆಗಳು. ಅಗ್ನಿಶಾಮಕ ಅಧಿಕಾರಿ ನನಗಿಂತ ಮೊದಲೇ ಬಂದು, ಹೇಳಿದಂತೆ ದೂರದಲ್ಲಿ ಗಾಡಿ ನಿಲ್ಲಿಸಿ ಕಾಯುತ್ತಿದ್ದರು. ಬೆಂಕಿಗೆ ಹೆದರುವವರಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ನನ್ನನ್ನು ಕಂಡ ಕೂಡಲೇ, "ಮೇಡಂ, ಎಲ್ಲಿ ನಿಂತರ ನಡೀತದ ಅಷ್ಟ ಹೇಳ್ರಿ," ಎಂದರು.

ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದೆ. ತಗಡಿನ ಶೆಡ್ಡು. ಹಲಗೆಯ ಮೇಲೆ ಮೆರವಣಿಗೆಯ ಗ್ಯಾಸ್‌ಲೈಟಿಗೆ ಹಾಕುವ ಮ್ಯಾಂಟಲ್‌ಗಳು ಡಬ್ಬಿಗಟ್ಟಲೆ, ಕತ್ತಲಲ್ಲಿ ಹೊಳೆಯುವ ಮುಳ್ಳಿನ ಹಳೆಯ ಗಡಿಯಾರಗಳು, ಒಂದು ಪ್ರೆಷರ್ ಕುಕ್ಕರು, ಅದರ ಶಿಳ್ಳೆಯ ಜಾಗದಿಂದ ಹೊರಟ ತಾಮ್ರದ ಕೊಳವೆ, ಕೊಳವೆಯ ತುದಿಗೆ ಪುಟ್ಟ ಪಂಖದಂಥ ಚಕ್ರ. ಎಲ್ಲವೂ ಅಚ್ಚುಕಟ್ಟಾಗಿತ್ತು. ಮೂಲೆಯಲ್ಲಿ ಆ ಗಡಿಗೆ. ಬೀಗವನ್ನು ಕೊಯ್ದು ಬಾಯಿ ತೆಗೆದಿದ್ದರು.

ಯಂತ್ರ ಮಾತ್ರ ಕೂಗಲಿಲ್ಲ. ಅಲ್ಪ ವಿಕಿರಣವಿರುವ ಮ್ಯಾಂಟಲ್, ಗಡಿಯಾರಗಳ ಹತ್ತಿರ ಸ್ವಲ್ಪ ಟಿಕಟಿಕ ಎಂದಿತು, ಅಷ್ಟೆ. ಗಡಿಗೆಯ ಬಾಯಿಗೆ ಹಿಡಿದೆ. ಖಾಲಿ.

ಗಂಡ ಜೇಬಿನಲ್ಲಿಟ್ಟುಕೊಂಡು ಹಾವೇರಿಗೆ ಹೋದರೇ? ಬಸ್ಸಿನಲ್ಲೇ? ಹಾಗೆಂದುಕೊಳ್ಳುತ್ತಲೇ ಮನೆಯ ಕಡೆ ತಿರುಗಿದೆ, ಯಂತ್ರದ ಮುಳ್ಳು ಏರಿತು. ಒಂದು ಹೆಜ್ಜೆ ಮುಂದಿಟ್ಟೆ, ಇನ್ನೂ ಏರಿತು. ಹಿತ್ತಲ ಬಾಗಿಲ ಹತ್ತಿರ ಬಂದಾಗ ಟಿಕಟಿಕ ಶಬ್ದದ ನಡುವಿನ ಸಂದಿ ಮುಚ್ಚಿ, ಒಂದೇ ಸಮನೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳತೊಡಗಿತು. ಅದು ಮನೆಯೊಳಗಿತ್ತು. ಮನೆಯೊಳಗೇ ಇರಿ ಎಂದು ಅವರಿಗೆ ಹೇಳಿದವಳು ನಾನು.

ಬಾಗಿಲು ಬಡಿದೆ. ಆಕೆ ತೆಗೆದರು. ನನ್ನ ಕೈಯಲ್ಲಿದ್ದ ಯಂತ್ರದ ಶಬ್ದ ಕೇಳಿ ನನಗೆ ಗೊತ್ತಾಗಿದೆಯೆಂದು ಅವರಿಗೆ ತಾನಾಗಿಯೇ ತಿಳಿದುಹೋಯಿತು.

"ದೇವರ ಕೋಣ್ಯಾಗ ಐತ್ರಿ," ಎಂದರು. "ಅವ್ರು ಹೋದ ಕೂಡ್ಲೆ ಇಕ್ಕಳದಾಗ ಹಿಡಕೊಂಡು ಒಯ್ದು ಕುಂಕುಮದ ಭರಣಿಯೊಳಗ ಹಾಕಿಟ್ಟೀನಿ. ಅಲ್ಲಿ ಅವ್ರು ಕೈ ಹಚ್ಚೂದಿಲ್ಲ. ಮನ್ಯಾಗ ಐತಿ ಅಂತ ಫೋನಿನ್ಯಾಗ ಹೇಳಿದ್ರ ನೀವು ಹೆದರಿ ಬರೂದಿಲ್ಲೇನೋ ಅನ್ನಿಸ್ತ್ರಿ."

"ಅತ್ತಿಯವರು ಎಲ್ಲದಾರ?"

"ಅದರ ಹಿಂದಿನ ಕೋಣ್ಯಾಗ. ಗ್ವಾಡಿಗೆ ಹತ್ತಿ ಹಾಸಿಗಿ."

ಅಗ್ನಿಶಾಮಕದವರು ಸ್ಟ್ರೆಚರ್ ತಂದರು. ದೇವರ ಕೋಣೆಯ ಬಾಗಿಲ ಮುಂದಿನಿಂದ ಹೋಗದೆ, ಪಡಸಾಲೆಯ ಆ ಕಡೆಯ ಗೋಡೆಗೆ ಹತ್ತಿ, ನಿಲ್ಲದೆ ನಡೆಯಬೇಕು ಎಂದು ಹೇಳಿದೆ. ಅಜ್ಜಿಯನ್ನು ಎತ್ತಿದಾಗ ಆಕೆ, "ಎಲ್ಲಿಗೆ ಒಯ್ಯಾಕತ್ತೀರಪ್ಪಾ ನನ್ನ? ಇನ್ನೂ ಜೀವಾ ಐತಿ," ಎಂದರು. ಎರಡೂ ಪಕ್ಕದ ಮನೆಯವರನ್ನು ಗ್ಯಾಸ್ ಸೋರಿದೆಯೆಂದು ಹೇಳಿ ಹೊರಗೆ ಕಳಿಸಿದರು. ಓಣಿಯ ಎರಡೂ ಬಾಯಿಗೆ ಹಗ್ಗ ಕಟ್ಟಿದರು. ಹಗ್ಗದಾಚೆ ಆಗಲೇ ಜನ ಫೋನು ಎತ್ತಿ ಹಿಡಿದು ನಿಂತಿದ್ದರು.

ಗಂಡ ಬಂದದ್ದು ಆಗ. ಚೀಲದಲ್ಲಿ ಹೊಸ ಬ್ಲೇಡುಗಳು. ಹಗ್ಗ ದಾಟಿ ನೇರ ಹೆಂಡತಿಯ ಹತ್ತಿರ ಹೋಗಿ, "ನನ್ನ ಕೇಳಲಾರದ ಯಾಕ ಮುಟ್ಟಿದಿ ಅದನ್ನ?" ಎಂದರು. ನಾನು ಅವರ ಬಲಗೈ ಹಿಡಿದು ತಿರುಗಿಸಿ ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಬಾತು ಹೊಳೆಯುತ್ತಿದ್ದವು. ಒಂದರ ಮೇಲೆ ಗುಳ್ಳೆ ಏಳುತ್ತಿತ್ತು.

"ಅಣ್ಣಾರ, ಎಷ್ಟ ಸಲ ಹಿಡದೀರಿ ಅದನ್ನ ಕೈಯಾಗ?"

"ದಿನಾ ಹಿಡೀತಿದ್ದೆ. ಏನೂ ಬಿಸಿನ ಇಲ್ಲಲ್ರಿ ಅದು. ಒಡದು ಹೊರಗ ತಗದ್ರ ಕಾವು ಬರ್ತದ, ಮ್ಯಾಂಟಲ್ ಬೂದಿ ಕೂಡ ಸೇರಿಸಿದ್ರ ಹೊತ್ತಿಗೋತದ ಅಂತ ವಿಡಿಯೋದಾಗ ಐತಿ."

"ಒಡದಿದ್ರ ಇವತ್ತು ಈ ಓಣಿ ಬಿಟ್ಟು ಎಲ್ಲಾರೂ ಹೋಗಬೇಕಿತ್ತು. ಮತ್ತ ಯಾವಾಗ ಬರೂದು ಅಂತ ಯಾರಿಗೂ ಹೇಳಾಕ ಬರ್ತಿರಲಿಲ್ಲ. ನಿಮ್ಮ ಮನಿಯವ್ರು ಅದನ್ನ ತಗದಿಟ್ಟಿದ್ದಕ್ಕ ನಾವಿಲ್ಲಿ ನಿಂತು ಮಾತಾಡಾಕತ್ತೇವಿ."

ಅವರು ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತರು. "ಗಾಳಿ ಪಂಖ ಮಾಡೀನಿ, ಗೋಬರ್ ಗ್ಯಾಸ್ ಮಾಡೀನಿ, ಬೈಕಿನ ಎಂಜಿನ್ನಿಂದ ಜನರೇಟರ್ ಮಾಡೀನಿ. ಇದೊಂದು ಉಳದಿತ್ರಿ," ಎಂದರು. ಅಹಂಕಾರವೇನೂ ಇರಲಿಲ್ಲ ಆ ಮಾತಿನಲ್ಲಿ. ಅವರಿಗೆ ಹೆದರಿಕೆ ಹತ್ತಿದ್ದು ಆ ಕ್ಷಣದಿಂದ.

ಮಂಡಳಿಯವರು ಮತ್ತೆ ಫೋನಿಗೆ ಸಿಕ್ಕರು. ಅವರ ತಂಡ ಮುಟ್ಟುವುದು ಮರುದಿನ ಬೆಳಿಗ್ಗೆ. ಸುತ್ತಲೂ ಜನರನ್ನು ಬಿಡಿಸಿ ದೂರ ನಿಂತು ಕಾಯುವುದು ನಿಯಮ. ಮೂಲ ಪಾತ್ರೆ ಸರಿಯಿದ್ದು, ಅನುಭವವಿದ್ದವರು ಸ್ಥಳದಲ್ಲಿದ್ದರೆ ಗುಳಿಗೆಯನ್ನು ಅದರಲ್ಲಿ ಹಾಕಬಹುದು. ಆದರೆ ಮಾಡುವುದೋ ಬಿಡುವುದೋ ಎಂದು ನಾನೇ ತೀರ್ಮಾನಿಸಬೇಕು ಎಂದರು. ಅಗ್ನಿಶಾಮಕ ಅಧಿಕಾರಿ ಮೆಲ್ಲಗೆ, "ಐರಣಿ ಕಡೆ ಒಯ್ದು ಹೊಳ್ಯಾಗ ಒಗದ್ರ ಹ್ಯಾಂಗ್ರಿ?" ಎಂದು ಕೇಳಿದರು. ಆ ನೀರನ್ನು ಕುಡಿಯುವವರಲ್ಲಿ ನಾನೂ ಒಬ್ಬಳು ಎಂದೆ. ಅವರು ಹಗ್ಗದ ಕಡೆ ಕೈ ತೋರಿಸಿದರು. "ಹಂಗಾರ ಒಂದು ಮಾತು ಹೇಳ್ತೇನ್ರಿ. ಮುಂಜಾನಿ ತನಕ ಈ ಮಂದೀನ ಹಗ್ಗದಾಗ ಹಿಡದಿಡೂದು ನನ್ನ ಕೈಲಿ ಆಗೂದಿಲ್ಲ. ಗ್ಯಾಸ್ ಅಂದದ್ದನ್ನ ಯಾರೂ ನಂಬಿಲ್ಲ. ಖರೇ ಸುದ್ದಿ ಮಾರ್ಕೆಟ್ಟಿಗೆ ಮುಟ್ಟಿತಂದ್ರ ಓಡೂ ಮಂದಿ ಕಾಲಾಗ ಸಿಕ್ಕು ಸಾಯ್ತಾರ."

ಲೆಕ್ಕ ಹಾಕಿದೆ. ಉದ್ದನೆಯ ಚಿಮಟ ಹಿಡಿದು ಒಂದೆರಡು ನಿಮಿಷ ಒಳಗಿದ್ದು ಬಂದರೆ ನನಗೆ ಬೀಳುವ ವಿಕಿರಣ ಬಹಳವೇನಲ್ಲ. ಆಸ್ಪತ್ರೆಯ ಒಂದೆರಡು ಎಕ್ಸ್-ರೇ ಫೋಟೋದಷ್ಟು. ಲೆಕ್ಕವನ್ನು ಎರಡು ಸಲ ಮಾಡಿದರೂ ಉತ್ತರ ಅದೇ ಬಂತು. ಆದರೆ ಪಾತ್ರೆಯಿಂದ ಹೊರಬಿದ್ದ ಗುಳಿಗೆಯನ್ನು ಹತ್ತಿರದಿಂದ ನಾನು ಅದುವರೆಗೆ ನೋಡಿಯೇ ಇರಲಿಲ್ಲ. ತಾಲೀಮಿನಲ್ಲಿ ಯಾವಾಗಲೂ ಸುಳ್ಳು ಗುಳಿಗೆ. ಮನೆಯಲ್ಲಿ ಮಗಳಿದ್ದಾಳೆ ಎಂಬುದು ನೆನಪಾಯಿತು, ಅಳಿಸಿ ಹಾಕಲು ನೋಡಿದೆ, ಹೋಗಲಿಲ್ಲ. ಕಾಯುವುದಿಲ್ಲ, ಗಡಿಗೆಗೆ ಹಾಕಿಬಿಡುತ್ತೇನೆ ಎಂದು ಅಧಿಕಾರಿಗೆ ಹೇಳಿದೆ.

"ನಾ ಮಾಡಿದ್ದು. ನಾನ ತಗೀತೇನಿ ಬಿಡ್ರಿ," ಎಂದು ಆಕೆಯ ಗಂಡ, ವೈಂಡಿಂಗಿನವರು, ಎದ್ದರು.

"ನಿಮ್ಮ ಕೈಗೆ ಇನ್ನ ಒಂದು ಕ್ಷಣಾನೂ ಬ್ಯಾಡ. ನನಗ ಬ್ಯಾರೆ ಸಹಾಯ ಮಾಡ್ರಿ. ಈ ಚಿಮಟ ಇನ್ನೊಂದು ಮಾರು ಉದ್ದ ಆಗಬೇಕು. ಗಡಿಗಿ ಬಾಯಿ ಸಣ್ಣದೈತಿ, ಅದಕ್ಕ ಕೂಡೂ ಹಂಗ ಒಂದು ತಗಡಿನ ಆಲಿಕೆ ಬೇಕು."

ಅಂಗಡಿಗೆ ಹೋಗಿ ಎಡಗೈಯಲ್ಲೇ ಎರಡನ್ನೂ ಮಾಡಿಕೊಂಡು ಬಂದರು. ಗಡಿಗೆಯ ಮುಚ್ಚಳ ತಿರುಗಿಸುವ ಸರಳು ಕೆಲಸ ಮಾಡುತ್ತಿತ್ತು. ಬೀಗ ಮಾತ್ರ ಹೋಗಿತ್ತು. ಓಣಿಯ ಕೊನೆಯಲ್ಲಿ ಒಂದು ಡಬ್ಬಿಯೊಳಗೆ ನಟ್ಟು ಹಾಕಿ ತಾಲೀಮು ಮಾಡಿದೆ. ಎತ್ತುವುದು, ಆಲಿಕೆಯ ಮೇಲೆ ತರುವುದು, ಬಗ್ಗಿಸುವುದು. ಮೊದಮೊದಲು ನಟ್ಟು ನೆಲಕ್ಕೆ ಬಿತ್ತು. ಕೈಗೆ ಅಳತೆ ಸಿಕ್ಕ ಮೇಲೂ ಇನ್ನಷ್ಟು ಸಲ ಮಾಡಿದೆ. ನಿಜ ಹೇಳಬೇಕೆಂದರೆ ಒಳಗೆ ಹೋಗುವುದನ್ನು ಮುಂದೂಡುತ್ತಿದ್ದೆ.

ಇಬ್ಬರು ಸಿಬ್ಬಂದಿ ಬಾಯಿಗೆ ಆಲಿಕೆ ಕೂಡಿಸಿದ ಗಡಿಗೆಯನ್ನು ದೇವರ ಕೋಣೆಯ ಹೊಸ್ತಿಲ ಪಕ್ಕದ ಗೋಡೆಯ ಮರೆಗೆ ತಂದಿಟ್ಟು ಓಡಿದರು. ನಾನು ಅದನ್ನು ಕಾಲಿನಿಂದ ಹೊಸ್ತಿಲ ಎದುರಿಗೆ ತಳ್ಳಿ ಒಳಗೆ ಇಣುಕಿದೆ. ದೀಪ ಇನ್ನೂ ಉರಿಯುತ್ತಿತ್ತು. ದೇವರ ಜಗಲಿಯ ಮೇಲೆ ಹೂವು, ಊದಿನಕಡ್ಡಿಯ ಬೂದಿ, ಫೋಟೋಗಳ ಹಿಂದೆ ಹಿತ್ತಾಳೆಯ ಭರಣಿ. ಸೊಂಟದಲ್ಲಿದ್ದ ಯಂತ್ರದ ಶಬ್ದ ಒಂದೇ ಕಿರುಚಾಟವಾಗಿತ್ತು. ಆ ಕೋಣೆಯಲ್ಲಿ ಅದರಷ್ಟು ಹೊಂದದ ಶಬ್ದ ಇನ್ನೊಂದಿರಲಿಲ್ಲ. ಚಿಮಟದಿಂದ ಭರಣಿಯ ಕೊರಳು ಹಿಡಿದು ಎತ್ತಿದೆ. ಆಲಿಕೆಯ ಮೇಲೆ ತಂದು ಬಗ್ಗಿಸಿದೆ. ಕುಂಕುಮ ಧಾರೆಯಾಗಿ ಸುರಿಯಿತು. ಗುಳಿಗೆ ಬರಲಿಲ್ಲ. ಇನ್ನಷ್ಟು ಬಗ್ಗಿಸಿದೆ, ಕುಂಕುಮದ ಗಟ್ಟಿಯೊಂದು ಕಳಚಿತು, ಅದರೊಡನೆ ಗುಳಿಗೆ ಆಲಿಕೆಯ ಅಂಚಿಗೆ ಬಡಿದು, ಟಣ್ ಎಂದು ನೆಲಕ್ಕೆ ಬಿದ್ದು, ಉರುಳಿ ಕಾಣೆಯಾಯಿತು.

ಹುಡುಕಬೇಕೆಂದು ಬಗ್ಗಿದೆ. ಬಗ್ಗಿದವಳೇ ಎದ್ದು ಹೊರಗೆ ಓಡಿದೆ. ಕೈ ತಪ್ಪಿದರೆ ಮೊದಲು ಹೊರಗೆ ಬಾ, ಆಮೇಲೆ ಯೋಚಿಸು ಎಂದು ಕಲಿಸಿರುತ್ತಾರೆ. ಅದನ್ನು ಪಾಲಿಸಿದ್ದು ಬುದ್ಧಿಯಲ್ಲ, ಕಾಲು. ಕಟ್ಟೆಯ ಮೇಲೆ ಕುಳಿತು ಡೋಸಿಮೀಟರ್ ನೋಡಿದೆ. ಲೆಕ್ಕಕ್ಕಿಂತ ಕಡಿಮೆಯೇ ಇತ್ತು.

ಆಕೆ ಹಗ್ಗದಾಚೆಯಿಂದಲೇ ಕೇಳಿದರು: "ಬಿತ್ತೇನ್ರಿ?"

"ಬಿತ್ರಿ. ಎಲ್ಲಿ ಹೋತು ಅಂತ ಕಾಣಲಿಲ್ಲ."

"ಜಗಲಿ ಬುಡಕ್ಕ ಎಡಕ ಒಂದು ಸಂದಿ ಐತ್ರಿ. ಆ ಕಡೆ ನೆಲಾ ಇಳಿಜಾರೈತಿ. ಕೈಯಾಗಿಂದ ಏನ ಬಿದ್ರೂ ಅಲ್ಲೇ ಹೋಗಿ ಕುಂದರ್ತದ. ಪಡಸಾಲಿ ಗ್ವಾಡಿ ಮ್ಯಾಲಿನ ಕನ್ನಡಿ ಒಯ್ರಿ, ಬಗ್ಗೂದು ಬ್ಯಾಡ."

ಕನ್ನಡಿಯನ್ನು ಕೋಲಿಗೆ ಕಟ್ಟಿಕೊಂಡು ಮತ್ತೆ ಹೋದೆ. ನೆಲದ ಮೇಲೆ ಗುಳಿಗೆ ಉರುಳಿದ ದಾರಿಯಲ್ಲಿ ಕುಂಕುಮದ ಸಣ್ಣ ಗೆರೆ ಮೂಡಿತ್ತು. ಅದು ನೇರ ಆ ಸಂದಿಗೇ ಹೋಗಿತ್ತು. ಕನ್ನಡಿಯಲ್ಲಿ ಕೆಂಪು ಬಳಿದುಕೊಂಡ ಪುಟ್ಟ ವಸ್ತು ಕಂಡಿತು. ಬದುಕಿನಲ್ಲಿ ಅಷ್ಟು ನಿರುಪದ್ರವಿಯಾಗಿ ಕಾಣುವ ವಸ್ತುವನ್ನು ನೋಡಿ ನಾನು ಅಷ್ಟು ಹೆದರಿದ್ದಿಲ್ಲ. ಚಿಮಟದ ತುದಿ ಅದನ್ನು ಹಿಡಿಯಿತು, ಜಾರಿತು, ಮತ್ತೆ ಹಿಡಿಯಿತು. ಉಸಿರು ಬಿಡದೆ ಆಲಿಕೆಯ ನಡುವಿಗೆ ತಂದು ಬಿಟ್ಟೆ. ಸೀಸದ ಮೇಲೆ ಬಿದ್ದ ಮೊಂಡು ಸದ್ದು ಕೇಳಿತು. ಆಲಿಕೆಯನ್ನು ಆಚೆ ತಳ್ಳಿ, ಸರಳನ್ನು ದೂರದಿಂದ ಚಿಮಟದಲ್ಲೇ ತಿರುಗಿಸಿದೆ.

ಯಂತ್ರದ ಕಿರುಚಾಟ ಕತ್ತರಿಸಿದಂತೆ ನಿಂತಿತು.

ಸರಳು ಮತ್ತೆ ತಿರುಗದಂತೆ ವೈಂಡಿಂಗಿನವರು ಕೊಟ್ಟ ತಾಮ್ರದ ತಂತಿಯಿಂದ ಬಿಗಿದೆ. ನೆಲ, ಭರಣಿ, ಇಕ್ಕಳ, ಶೆಡ್ಡಿನ ಹಲಗೆ, ಎಲ್ಲವನ್ನೂ ಕಾಗದದಿಂದ ಒರೆಸಿ ಆ ಕಾಗದಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಿಡಿದೆ. ಗುಳಿಗೆ ಸೋರಿರಲಿಲ್ಲ. ಮರುದಿನ ಬಂದ ತಂಡ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿ ಗಡಿಗೆಯನ್ನೂ ಮ್ಯಾಂಟಲ್ ಡಬ್ಬಿಗಳನ್ನೂ ಒಯ್ದಿತು. ಗಡಿಗೆ ಬೇರೆ ಜಿಲ್ಲೆಯಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯ ಸಾಮಾನಿನ ಜೊತೆ ಗುಜರಿಗೆ ಬಂದಿತ್ತು ಎಂದು ಆಮೇಲೆ ತಿಳಿಯಿತು. ಅದರ ವಿಚಾರಣೆ ಇನ್ನೂ ನಡೆದಿದೆ.

ಅತ್ತೆ ಸೊಸೆ ಇಬ್ಬರ ರಕ್ತಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ವೈಂಡಿಂಗಿನವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಕೈಗೆ ದಪ್ಪ ಪಟ್ಟಿ ಕಟ್ಟಿತ್ತು. ಎರಡು ಬೆರಳಿನ ತುದಿ ಕಪ್ಪಾಗಿ, ಅಷ್ಟನ್ನು ತೆಗೆದುಹಾಕಿದ್ದರು. ಬಹಳ ಹೊತ್ತು ಬೇರೆ ಮಾತಾಡಿ, ಕೊನೆಗೆ, "ಮೇಡಂ, ಒಂದು ಕೇಳ್ತೇನಿ, ಬೈಬ್ಯಾಡ್ರಿ. ಅದರಾಗ ಎಷ್ಟ ಕರೆಂಟ್ ಇತ್ತು?" ಎಂದರು.

"ಅದರ ಎಲ್ಲಾ ಕಾವು ಹಿಡದು ಕರೆಂಟ್ ಮಾಡಿದ್ರೂ ನಿಮ್ಮ ಗ್ವಾಡಿ ಗಡಿಯಾರದ ಮುಳ್ಳು ನಡಿಯೂದು ಕಷ್ಟ ಐತ್ರಿ."

"ಇನ್ನೂ ದೊಡ್ಡದಿದ್ರ?"

"ದೊಡ್ಡದಿದ್ರ ನಾನು ನಿಮ್ಮನ್ನ ಇಲ್ಲಿ ನೋಡ್ತಿರಲಿಲ್ಲ."

ಅವರು ಕಿಟಕಿಯ ಕಡೆ ತಿರುಗಿದರು.

ಅವರ ಹೆಂಡತಿ ಮಾತ್ರ ಆ ದಿನದಿಂದ ದೇವರ ಕೋಣೆಗೆ ಕಾಲಿಟ್ಟಿರಲಿಲ್ಲ. ಪಡಸಾಲೆಯ ಗೋಡೆಯಲ್ಲಿದ್ದ ಮಾಡದಲ್ಲಿ ದೀಪ ಹಚ್ಚುತ್ತಿದ್ದರಂತೆ. ಒಮ್ಮೆ ಬಂದು ಹೋಗಿ ಎಂದು ಫೋನು ಮಾಡಿದಾಗ ಯಂತ್ರ ತೆಗೆದುಕೊಂಡು ಹೋದೆ. ತಂಡದವರು ಪರೀಕ್ಷಿಸಿ ಹೋಗಿದ್ದ ಕೋಣೆಯದು, ಏನೂ ಇಲ್ಲವೆಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಆದರೂ ಹೊಸ್ತಿಲ ಮುಂದೆ ನನ್ನ ಕಾಲೂ ಒಂದು ಗಳಿಗೆ ನಿಂತಿತು. ಇಬ್ಬರೂ ಕೂಡಿಯೇ ಒಳಗೆ ಹೋಗಿ ಮಣೆಯ ಮೇಲೆ ಕುಳಿತೆವು. ಯಂತ್ರವನ್ನು ನಡುವೆ ಇಟ್ಟೆ.

ಟಿಕ್ ಎಂದಿತು. ಸ್ವಲ್ಪ ತಡೆದು ಮತ್ತೆ ಟಿಕ್.

ಆಕೆ ನನ್ನ ತೋಳು ಹಿಡಿದರು. "ಇನ್ನೂ ಐತಲ್ರಿ ಅಕ್ಕಾರ."

"ಇದು ಅದಲ್ರಿ. ಇಷ್ಟು ಎಲ್ಲಾ ಕಡೆನೂ ಇರ್ತದ. ಮಣ್ಣಿನ್ಯಾಗ, ಕಲ್ಲಿನ್ಯಾಗ, ನಮ್ಮ ಎಲುಬಿನ್ಯಾಗನೂ. ನಮ್ಮ ಮನ್ಯಾಗ ಇಟ್ರೂ ಹಿಂಗ ಬಡೀತದ."

"ಯಾವಾಗಿಂದ?"

"ಮೊದಲಿಂದನೂ."

ಆಕೆ ಇನ್ನಷ್ಟು ಹೊತ್ತು ಆ ಸದ್ದಿಗೆ ಕಿವಿಗೊಟ್ಟು ಕುಳಿತರು. ಪ್ರತಿ ಟಿಕ್ಕಿಗೂ ತೋಳಿನ ಮೇಲಿನ ಹಿಡಿತ ಒಂದಿಷ್ಟು ಬಿಗಿಯುತ್ತಿತ್ತು. ಆಮೇಲೆ, "ಹಂಗಾರ ಅದನ್ನ ಬಂದ್ ಮಾಡ್ರಿ," ಎಂದರು. "ದೀಪಾ ಹಚ್ತೇನಿ."

ನಾನು ಬಂದ್ ಮಾಡಿದೆ.